ಗೇಮ್‌ನಲ್ಲಿ ಗನ್ ನರ್ಫ್ ಮಾಡುವ (ಬಲ ಇಳಿಸುವ) ಮೊದಲು ಆಟಗಾರರನ್ನು ಕೇಳಬೇಕಾ?

ರೀಲೋಡ್ ರಂಗ: ಹೆಲ್‌ಡೈವರ್ಸ್ 2 ಅನ್ನೋ ವಿಡಿಯೋ ಗೇಮ್ ನೋಡಿ. 2024ರ ಫೆಬ್ರವರಿಯಲ್ಲಿ ಬಂತು, ಮಾರ್ಚ್‌ನಲ್ಲೇ ಎಲ್ಲರ ಕೈಯಲ್ಲಿದ್ದ ರೈಲ್‌ಗನ್‌ನ ಹಲ್ಲು ಕಿತ್ತರು. ನಾಲ್ಕು ಜನ ಸೇರಿ ಕಂಪ್ಯೂಟರ್ ನಡೆಸುವ ಹುಳಗಳನ್ನು ಹೊಡೆಯುವ ಆಟ ಅದು. ಅಲ್ಲಿ ನನ್ನ ಗನ್ ಜೋರಾಗಿದ್ದರೆ ಯಾರ ಗಂಟು ಹೋಗುತ್ತೆ? ಯಾವ ಗನ್ನೂ ಅತಿಯಾಗಬಾರದು, ಬ್ಯಾಲೆನ್ಸ್ ಬ್ಯಾಲೆನ್ಸ್ ಅಂತ ತಿಂಗಳುಗಟ್ಟಲೆ ಎಳೆದಾಡಿ, ಸೆಪ್ಟೆಂಬರ್‌ನಲ್ಲಿ ಅವರೇ ಒಂದಷ್ಟು ಗನ್‌ಗಳಿಗೆ ಬಲ ವಾಪಸ್ ಕೊಟ್ಟರು. ಮೊದಲೇ ಕೇಳಬಹುದಿತ್ತು ಅಲ್ವಾ?

ಪಿಂಗ್ 300: ರೈಲ್‌ಗನ್ ತರದವರನ್ನು ಟೀಮ್‌ನಿಂದ ಕಿಕ್ ಮಾಡುತ್ತಿದ್ದದ್ದು ಮರೆತು ಹೋಯ್ತಾ ಗುರು?

ರೀಲೋಡ್ ರಂಗ: ಮರೆತಿಲ್ಲ. ಚಾರ್ಜರ್ ಅನ್ನೋ ದಪ್ಪ ಚಿಪ್ಪಿನ ಪ್ರಾಣಿ ನುಗ್ಗಿ ಬಂದಾಗ ಬೇರೆ ಗನ್ ನಂಬೋ ಹಾಗಿರಲಿಲ್ಲ, ಅದಕ್ಕೇ ಜನ ಹಾಗೆ ಮಾಡಿದ್ದು. ಉಳಿದದ್ದನ್ನು ಮೇಲೆತ್ತಬೇಕಿತ್ತು, ಚೆನ್ನಾಗಿದ್ದ ಒಂದನ್ನು ಕೆಳಗಿಳಿಸೋದಲ್ಲ.

ಹೀಲರ್ ಅಕ್ಕ: ಕೇಳಿ ಮಾಡುವವರೂ ಇದ್ದಾರೆ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಗೇಮ್ ಶುರುವಾದದ್ದೇ 2013ರಲ್ಲಿ, ಆಟಗಾರರ ವೋಟ್‌ನಿಂದ. ದೊಡ್ಡದೇನಾದರೂ ಸೇರಿಸಬೇಕಾದರೆ ಇವತ್ತಿಗೂ ಮತಕ್ಕೆ ಹಾಕುತ್ತಾರೆ. 70% ಹೌದು ಅನ್ನಬೇಕು, ಮೊದಲು 75% ಇತ್ತು. ಆಟ ಇನ್ನೂ ಗಟ್ಟಿಯಾಗಿ ನಡೀತಿದೆ.

ಬಗ್ ಬೇಟೆಗಾರ: ನಾನು ಗೇಮ್ ಮಾಡುವ ಕೆಲಸದಲ್ಲೇ ಇರುವವನು, ಬೈಯ್ಯುವ ಮೊದಲು ಸ್ವಲ್ಪ ಕೇಳಿ. ಒಂದು ಹೀರೋ (ಆಟಗಾರ ಆರಿಸಿಕೊಳ್ಳುವ ಪಾತ್ರ) ಹೊಸಬರ ಮ್ಯಾಚ್‌ಗಳಲ್ಲಿ ಸಿಕ್ಕಾಪಟ್ಟೆ ಗೆಲ್ಲುತ್ತೆ, ಯಾಕಂದ್ರೆ ಅದನ್ನು ತಪ್ಪಿಸಿಕೊಳ್ಳೋದು ಅವರಿಗೆ ಗೊತ್ತಿಲ್ಲ. ಅದೇ ಹೀರೋನ ಮೇಲಿನ ರ‍್ಯಾಂಕ್‌ನವರು ಮುಟ್ಟೋದೂ ಇಲ್ಲ. ಈಗ ವೋಟ್ ಹಾಕಿಸಿದರೆ ಒಬ್ಬ ಕಡಿಮೆ ಮಾಡಿ ಅಂತಾನೆ, ಇನ್ನೊಬ್ಬ ಜಾಸ್ತಿ ಮಾಡಿ ಅಂತಾನೆ, ಇಬ್ಬರೂ ತಮ್ಮ ಮಟ್ಟಿಗೆ ಸರಿ. ಆಟ ಬಿಟ್ಟು ಹೋದವರ ವೋಟ್ ಅಂತೂ ಬರೋದೇ ಇಲ್ಲ, ನಮಗೆ ಬೇಕಾದದ್ದು ಅವರ ಮಾತೇ.

ಹೀಲರ್ ಅಕ್ಕ: ಅದು ಒಪ್ಪುವ ಮಾತು. ಆದರೆ ಅಂಕಿ ತೋರಿಸಿ ಸ್ವಾಮಿ. "ಬದಲಾವಣೆ ಮಾಡಲಾಗಿದೆ" ಅಂತ ಒಂದು ಸಾಲು ಬರೆದು ಕೈ ತೊಳೆದುಕೊಂಡರೆ ಜನ ತಮಗೆ ತೋಚಿದ ಕಾರಣ ಹುಡುಕಿಕೊಳ್ಳುತ್ತಾರೆ.

ಪಿಂಗ್ 300: ಅಂಕಿ ತೋರಿಸಿದರೆ ಅಂಕಿ ಸುಳ್ಳು ಅಂತಾರೆ. ಬೈಯ್ಯೋಕೆ ಬಂದವರಿಗೆ ಕಾರಣ ಬೇಕಾಗಿಲ್ಲ, ನರ್ಫ್ ಮಾಡಿದವನ ಮನೆಯವರನ್ನೂ ಬಿಡಲ್ಲ. ಅದು ಟೀಕೆನಾ?

ಲೂಟ್ ಲಕ್ಷ್ಮಿ: ಅದು ಟೀಕೆ ಅಲ್ಲ. ಆದರೆ ಎಲ್ಲ ತೀರ್ಮಾನಾನೂ ಬ್ಯಾಲೆನ್ಸ್ ಲೆಕ್ಕಕ್ಕೆ ಸೇರಿಸಬೇಡಿ. 2017ರಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2ರಲ್ಲಿ ಡಾರ್ತ್ ವೇಡರ್ ಪಾತ್ರ ಸಿಗೋಕೆ 60,000 ಕ್ರೆಡಿಟ್ (ಆಡಿ ಗಳಿಸುವ ಆಟದ ಹಣ) ಇಟ್ಟಿದ್ದರು, ದುಡ್ಡು ಕೊಟ್ಟು ತಗೊಂಡ ಆಟದಲ್ಲೇ! ಕಷ್ಟಪಟ್ಟು ಗಳಿಸಿದರೆ ಹೆಮ್ಮೆ ಅನ್ನಿಸುತ್ತೆ ಅಂತ ಆ ಆಟದ ಕಂಪನಿ ಇಎ ಕೊಟ್ಟ ಉತ್ತರಕ್ಕೆ ರೆಡ್ಡಿಟ್‌ನಲ್ಲಿ ಆರು ಲಕ್ಷಕ್ಕೂ ಜಾಸ್ತಿ ಡೌನ್‌ವೋಟ್ ಬಿತ್ತು. ಬೆಲೆ ಇಳಿಸಿದರು, ಬಿಡುಗಡೆಯ ಹೊತ್ತಿಗೆ ಆಟದೊಳಗಿನ ದುಡ್ಡಿನ ಖರೀದಿಯನ್ನೇ ನಿಲ್ಲಿಸಿದರು. ಮರ್ಯಾದೆಯಿಂದ ಪತ್ರ ಬರೆದಿದ್ದರೆ ಇಳಿಸ್ತಿದ್ದರಾ? ಹೆಲ್‌ಡೈವರ್ಸ್‌ಗೆ ಸೋನಿ ಅಕೌಂಟ್ ಕಡ್ಡಾಯ ಅಂದಾಗಲೂ ಗೇಮ್ ಮಾರುವ ಸ್ಟೀಮ್ ಸೈಟ್‌ನಲ್ಲಿ ಲಕ್ಷಗಟ್ಟಲೆ ಕೆಟ್ಟ ರಿವ್ಯೂ ಬಿದ್ದ ಮೇಲೇ ಹಿಂದೆ ಸರಿದದ್ದು.

ಬಗ್ ಬೇಟೆಗಾರ: ಅಂಥ ತೀರ್ಮಾನ ಎಷ್ಟೋ ಸಲ ಗನ್ ಡಿಸೈನ್ ಮಾಡುವವನದ್ದಲ್ಲ, ಮೇಲಿನವರದ್ದು. ಬೈಗುಳ ಮಾತ್ರ ಕೆಳಗಿನವನಿಗೆ.

ರೀಲೋಡ್ ರಂಗ: ಇರಬಹುದು. ಆದರೆ ನನ್ನ ಕೋಪ ನರ್ಫ್‌ಗಿಂತ ಜಾಸ್ತಿ ಕಿತ್ತುಕೊಳ್ಳೋದರ ಮೇಲೆ. 2022ರ ಅಕ್ಟೋಬರ್‌ನಲ್ಲಿ ಓವರ್‌ವಾಚ್ 2 ಅನ್ನೋ ಟೀಮ್ ಶೂಟಿಂಗ್ ಗೇಮ್ ಬಂತು, ಹಳೇದು ಅಲ್ಲಿಗೇ ಬಂದ್. ಆರು ಜನರ ಟೀಮ್ ಐದಾಯ್ತು, ಮುಂದೆ ನಿಂತು ಹೊಡೆತ ತಡೆಯುವ ಒಬ್ಬ ಟ್ಯಾಂಕ್ ಹೋದ. ಹೊಸದಕ್ಕೆ ನೆಪವಾಗಿ ಹೇಳಿದ್ದ ಕಂಪ್ಯೂಟರ್ ವಿರುದ್ಧ ಆಡುವ ದೊಡ್ಡ ಹೀರೋ ಮೋಡ್ ಕೂಡ 2023ರ ಮೇನಲ್ಲಿ ರದ್ದು. ನಾನು ದುಡ್ಡು ಕೊಟ್ಟು ತಗೊಂಡಿದ್ದ ಆಟ ಎಲ್ಲಿ? ಹಳೇ ಸರ್ವರ್ ಒಂದು ಇಡಿ ಸಾಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನವರು 2019ರಲ್ಲಿ ಕ್ಲಾಸಿಕ್ ಅಂತ ಹಳೇ ಆಟವನ್ನೇ ಇಟ್ಟರಲ್ಲ.

ಬಗ್ ಬೇಟೆಗಾರ: ಇಟ್ಟರೆ ಆಡುವವರು ಎರಡು ಪಾಲಾಗುತ್ತಾರೆ. ಹಳೇ ಸರ್ವರ್‌ನಲ್ಲಿ ಒಂದು ಮ್ಯಾಚ್ ಸಿಗೋಕೆ ಸುಮ್ನೆ ಕೂತು ಕಾಯಬೇಕಾಗುತ್ತೆ, ಆಗ ಅದಕ್ಕೂ ನಮ್ಮನ್ನೇ ಬೈತೀರಿ.

ರೀಲೋಡ್ ರಂಗ: ಕಾಯ್ತೀನಿ. ಬೈತೀನಿ ಕೂಡ.