ಪ್ರಶ್ನೋತ್ತರ: ದಿನಾ ಸ್ಟ್ರೆಚಿಂಗ್ ಮಾಡಿದರೂ ಎಡ ಮೊಣಕಾಲು ಯಾಕೆ ನೋಯುತ್ತದೆ?

ಪ್ರಶ್ನೆ (ಕಾರವಾರ): ನಮಸ್ಕಾರ ಮೇಡಂ. ನನಗೆ 38 ವರ್ಷ. ನಾಲ್ಕು ತಿಂಗಳಿಂದ ಟ್ಯಾಗೋರ್ ಬೀಚಿನಲ್ಲಿ ವಾರಕ್ಕೆ ಐದು ದಿನ, ಸುಮಾರು 5 ಕಿ.ಮೀ. ಓಡುತ್ತೇನೆ. ಓಡುವ ಮೊದಲು ಹತ್ತು ನಿಮಿಷ ಸ್ಟ್ರೆಚಿಂಗ್ ತಪ್ಪಿಸಿದ್ದಿಲ್ಲ. ಆದರೂ ಒಂದೆರಡು ಕಿ.ಮೀ. ಆಗುತ್ತಿದ್ದಂತೆ ಎಡ ಮೊಣಕಾಲಿನ ಹೊರಬದಿ ನೋವು ಶುರು. ಮೆಟ್ಟಿಲು ಇಳಿಯುವಾಗಲೂ ಚುಚ್ಚುತ್ತದೆ. ಇನ್ನೂ ಜಾಸ್ತಿ ಸ್ಟ್ರೆಚ್ ಮಾಡಬೇಕಾ?

ಫಿಸಿಯೋ: ಮೊದಲು ನನಗೆ ಎರಡು ವಿಷಯ ಹೇಳಿ. ಎಲ್ಲಿಂದ ಯಾವ ಕಡೆಗೆ ಓಡುತ್ತೀರಿ, ವಾಪಸ್ ಹೇಗೆ ಬರುತ್ತೀರಿ? ಆಮೇಲೆ ಕನ್ನಡಿ ಮುಂದೆ ಎಡಗಾಲೊಂದರ ಮೇಲೆ ನಿಂತು, ಕುರ್ಚಿಯಲ್ಲಿ ಕೂರುವವರ ಹಾಗೆ ಸ್ವಲ್ಪ ಬಗ್ಗಿ. ಮೊಣಕಾಲು ಎತ್ತ ಹೋಗುತ್ತದೆ?

ಪ್ರಶ್ನೆ ಕೇಳಿದವರು: ಯುದ್ಧನೌಕೆ ಮ್ಯೂಸಿಯಂ ಹತ್ತಿರದಿಂದ ಕೋಡಿಬಾಗ ಕಡೆಗೆ, ನೀರಿನ ಅಂಚಲ್ಲೇ ಓಡುತ್ತೇನೆ. ವಾಪಸ್ ರಸ್ತೆಯಲ್ಲಿ. ಕನ್ನಡಿಯಲ್ಲಿ ನೋಡಿದೆ, ಮೊಣಕಾಲು ಹೆಬ್ಬೆರಳಿಗಿಂತ ಒಳಕ್ಕೆ ವಾಲುತ್ತದೆ. ಬಲಗಾಲಲ್ಲಿ ಅಷ್ಟಿಲ್ಲ.

ಫಿಸಿಯೋ: ಹಾಗಾದರೆ ನಿಮ್ಮ ಸೊಂಟಕ್ಕೆ ಬಲ ಬೇಕು. ಕೋಡಿಬಾಗದ ಕಡೆ ಹೋಗುವಾಗ ಸಮುದ್ರ ನಿಮ್ಮ ಎಡಕ್ಕೆ ಇರುತ್ತದೆ, ಅಲ್ವಾ? ನೀರಂಚಿನ ಮರಳು ಗಟ್ಟಿ, ಆದರೆ ಸಮುದ್ರದ ಕಡೆಗೆ ಇಳಿಜಾರು. ಎಡಗಾಲು ಪ್ರತಿ ಸಲ ತಗ್ಗಿಗೆ ಬೀಳುತ್ತದೆ. ಅದೇ ಮರಳಲ್ಲಿ ವಾಪಸ್ ಬಂದಿದ್ದರೆ ಆ ಭಾರ ಎರಡೂ ಕಾಲಿಗೆ ಹಂಚಿಹೋಗುತ್ತಿತ್ತು.

ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಒಂದು ದಪ್ಪ ಪಟ್ಟಿ ಇದೆ, ಐಟಿ ಬ್ಯಾಂಡ್ ಅಂತಾರೆ. ಎಷ್ಟು ಎಳೆದರೂ ಅದು ಸುಲಭಕ್ಕೆ ಉದ್ದವಾಗುವುದಿಲ್ಲ. ಸೊಂಟದ ಪಕ್ಕದ ಸ್ನಾಯು ಸೋತರೆ ಮೊಣಕಾಲು ಒಳಕ್ಕೆ ವಾಲಿ, ಈ ಪಟ್ಟಿ ಮೂಳೆಗೆ ಒತ್ತುತ್ತದೆ. ನೀವು ಹೇಳುವ ನೋವು ಇದನ್ನೇ ಹೋಲುತ್ತದೆ. ಆದರೂ ಒಮ್ಮೆ ಯಾರಾದರೂ ಫಿಸಿಯೋ ಮುಟ್ಟಿ ನೋಡಲಿ.

ಆ ಸೊಂಟದ ಸ್ನಾಯುವಿಗೆ ಬಲ ಬರಲು ಹೀಗೆ ಮಾಡಿ: ಬಲಮಗ್ಗುಲಲ್ಲಿ ಮಲಗಿ, ಬೆನ್ನು ಗೋಡೆಗೆ ತಾಗಿರಲಿ. ಎಡ ಹಿಮ್ಮಡಿಯನ್ನು ಗೋಡೆಗೆ ಒತ್ತಿಕೊಂಡೇ ಕಾಲು ಮೇಲಕ್ಕೆ ಜಾರಿಸಿ, ನಿಧಾನ ಇಳಿಸಿ. ಕಾಲ್ಬೆರಳು ಸೂರಿನ ಕಡೆ ತಿರುಗಬಾರದು. ಪ್ಯಾಂಟಿನ ಹಿಂದಿನ ಜೇಬಿನ ಪಕ್ಕದಲ್ಲಿ ಉರಿ ಬಂದರೆ ಸರಿಯಾಗಿ ಮಾಡುತ್ತಿದ್ದೀರಿ. ತೊಡೆಯ ಮುಂಭಾಗ ದಣಿದರೆ ಕಾಲು ಮುಂದಕ್ಕೆ ಬಂದಿದೆ ಅಂತ. 12 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಇದರ ಜೊತೆ ಬ್ರಿಡ್ಜ್ (ಅಂಗಾತ ಮಲಗಿ, ಮೊಣಕಾಲು ಮಡಿಸಿ ಸೊಂಟ ಎತ್ತುವುದು), ಮತ್ತೆ ಎರಡೂ ಕಡೆ 20 ಸೆಕೆಂಡ್ ಸೈಡ್ ಪ್ಲ್ಯಾಂಕ್ (ಮಗ್ಗುಲಾಗಿ ಮೊಣಕೈ ಊರಿ, ಮೈ ನೆಟ್ಟಗೆ ಎತ್ತಿ ಹಿಡಿಯುವುದು). ಇವು ಕೋರ್‌ಗೆ, ಅಂದರೆ ಹೊಟ್ಟೆ, ಬೆನ್ನು, ಸೊಂಟದ ಸುತ್ತಲಿನ ಸ್ನಾಯುಗಳಿಗೆ. ಕೋರ್ ಅಂದ ಕೂಡಲೇ ಸುಮ್ನೆ ಹೊಟ್ಟೆ ಕರಗಿಸುವ ವ್ಯಾಯಾಮಕ್ಕೆ ಇಳಿಯಬೇಡಿ. ಓಡುವಾಗ ನೆಲ ಮುಟ್ಟುವುದು ಒಂದು ಸಲಕ್ಕೆ ಒಂದೇ ಕಾಲು. ಆಗ ಸೊಂಟ ಜೋತು ಬೀಳದಂತೆ ಹಿಡಿಯುವುದು ಕೋರ್.

ಸ್ಟ್ರೆಚಿಂಗ್ ಬಿಡಬೇಡಿ, ಹೊತ್ತು ಬದಲಿಸಿ. ಮೊದಲು ಐದು ನಿಮಿಷ ಬಿರುಸು ನಡಿಗೆ, ಕಾಲು ಬೀಸುವುದು, ಅಷ್ಟು ಸಾಕು. ಹಿಡಿದು ನಿಲ್ಲುವ ಸ್ಟ್ರೆಚ್ ಓಡಿದ ಮೇಲೆ, 30 ಸೆಕೆಂಡ್. ಮೀನಖಂಡಕ್ಕೆ ಎರಡು ಸಲ ಮಾಡಿ: ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಮಡಿಸಿ ಒಮ್ಮೆ. ಅಲ್ಲಿರುವುದು ಎರಡು ಬೇರೆ ಸ್ನಾಯು. ಮರಳಲ್ಲಿ ಓಡುವವರಿಗೆ ಅವು ಜಾಸ್ತಿ ದುಡಿಯುತ್ತವೆ.

ಇನ್ನೊಬ್ಬರು (ಶಿರಸಿ): ನಮ್ಮ ಕಡೆ ಬರೀ ಏರು-ಇಳಿವು ಮೇಡಂ. ನನಗೆ ಕಣಕಾಲಿನ ಮುಂದಿನ ಮೂಳೆ ನೋಯುತ್ತದೆ. ಓಡುವುದು ನಿಲ್ಲಿಸಬೇಕಾ?

ಫಿಸಿಯೋ: ಬೆರಳಿಂದ ಒತ್ತಿ ನೋಡಿ. ಮೂಳೆಯ ಒಳಅಂಚಿನ ಉದ್ದಕ್ಕೂ, ನಾಲ್ಕು ಬೆರಳಗಲ ನೋಯುತ್ತಿದ್ದರೆ ಓಟ ಅರ್ಧಕ್ಕಿಳಿಸಿ, ಇಳಿಜಾರು ಬಿಡಿ, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ಶುರುಮಾಡಿ. ನಾಣ್ಯದಷ್ಟು ಜಾಗದಲ್ಲಿ ಮಾತ್ರ ಜೋರು ನೋವು, ರಾತ್ರಿ ಮಲಗಿದಾಗಲೂ ನೋವು ಅಂದರೆ ಇವತ್ತೇ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಅದು ಮೊದಲ ವಾರಗಳ ಎಕ್ಸ್-ರೇಯಲ್ಲಿ ಕಾಣದೆಯೂ ಇರುತ್ತದೆ, ಹಾಗಾಗಿ ಎಕ್ಸ್-ರೇ ಸರಿಯಿದೆ ಅಂತ ಮತ್ತೆ ಓಡಬೇಡಿ.

ಪ್ರಶ್ನೆ ಕೇಳಿದವರು (ಕಾರವಾರ): ನನಗೆ ಎಷ್ಟು ದಿನ ಬೇಕಾಗಬಹುದು ಮೇಡಂ?

ಫಿಸಿಯೋ: ಸ್ನಾಯು ಬಲವಾಗಲು ಆರರಿಂದ ಎಂಟು ವಾರ. ಅಲ್ಲಿಯವರೆಗೆ ಸಮತಟ್ಟು ನೆಲದಲ್ಲಿ ಓಡಿ, ನೋವು ಶುರುವಾಗುವ ಮೊದಲೇ ನಿಲ್ಲಿಸಿ. ಮೂರು ವಾರ ಬಿಟ್ಟು ಅದೇ ಕನ್ನಡಿ ಮುಂದೆ ನಿಂತು, ಮೊಣಕಾಲು ಎಲ್ಲಿಗೆ ಬಂತು ಅಂತ ಇಲ್ಲೇ ಬರೆಯಿರಿ.