ಮೆದುಳಿನ ಸ್ಕ್ಯಾನ್ ನೋಡಿ ಕೊಡುವ ಟಿಎಂಎಸ್: ಕಾಯಬೇಕಾ, ಈಗಲೇ ಹೋಗಬೇಕಾ?

ಬದಿಯಡ್ಕದವ:
ಅಕ್ಕನಿಗೆ ಡಿಪ್ರೆಶನ್. ಎರಡು ಮೂರು ಬಗೆಯ ಮಾತ್ರೆ ಬದಲಾಯಿಸಿ ಆಯಿತು, ಹೇಳುವಷ್ಟು ಗುಣ ಇಲ್ಲ. ಮಂಗಳೂರಿನ ಡಾಕ್ಟ್ರು ಟಿಎಂಎಸ್ (ಅಯಸ್ಕಾಂತದ ಮಿಡಿತದಿಂದ ಮೆದುಳಿಗೆ ಕೊಡುವ ಚಿಕಿತ್ಸೆ) ಮಾಡಿಸಿ ನೋಡುವ ಅನ್ನುತ್ತಾರೆ. ವಾರಕ್ಕೆ 5 ದಿನ, 4ರಿಂದ 6 ವಾರ. ಇಲ್ಲಿಂದ ಕುಂಬಳೆಗೆ ಬಸ್ಸು, ಅಲ್ಲಿಂದ ರೈಲು, ಮತ್ತೆ ಆಟೋ, ಹಾಸಿಗೆ ಬಿಟ್ಟು ಏಳುವುದೇ ಕಷ್ಟ ಇರುವವಳಿಗೆ ದಿನಾ ಇದೆಲ್ಲ ಆಗುವ ಮಾತಾ? ಅಮೆರಿಕದಲ್ಲಿ ಒಬ್ಬೊಬ್ಬರ ಮೆದುಳು ಸ್ಕ್ಯಾನ್ ಮಾಡಿ, ಅವರವರ ಜಾಗ ಹುಡುಕಿ, 5 ದಿನದಲ್ಲಿ ಮುಗಿಸುತ್ತಾರಂತೆ. ಅದು ಇಲ್ಲಿಗೆ ಬರಲಿ, ಕಾಯುವ ಅಂತ ಭಾವ. ಅಮ್ಮನಿಗೆ ಬೇರೆ ಇದು ತಲೆಗೆ ಕರೆಂಟು ಕೊಡುವುದು ಅಂತ ಹೆದರಿಕೆ. ಗೊತ್ತಿದ್ದವರು ಹೇಳಿ.

ಉಪ್ಪಳ ಸಿಸ್ಟರ್:
ಅಮ್ಮ ಹೇಳುವುದು ಇಸಿಟಿ, ಅರಿವಳಿಕೆ ಕೊಟ್ಟು ತಲೆಗೆ ಕರೆಂಟು ಹಾಯಿಸುವ ಚಿಕಿತ್ಸೆ. ಅದೂ ಸಿನಿಮಾದಲ್ಲಿ ತೋರಿಸುವಷ್ಟು ಭಯಂಕರ ಅಲ್ಲ, ಇರಲಿ. ಟಿಎಂಎಸ್‌ಗೆ ಅರಿವಳಿಕೆ ಬೇಡ, ಎಚ್ಚರದಲ್ಲೇ ಕುರ್ಚಿಯಲ್ಲಿ ಕೂತಿರುವುದು. ಎಡ ಹಣೆಯ ಮೇಲ್ಭಾಗಕ್ಕೆ ಒಂದು ಸುರುಳಿ ಹಿಡಿದು ಅಯಸ್ಕಾಂತದ ಮಿಡಿತ ಕೊಡುತ್ತಾರೆ. ಟಕ ಟಕ ಸದ್ದು ಜೋರು, ಅದಕ್ಕೆ ಕಿವಿಗೆ ಪ್ಲಗ್. ತಲೆನೋವು ಬರಬಹುದು. ಫಿಟ್ಸ್ ಬರುವುದು ತೀರಾ ಅಪರೂಪ, ಆದರೆ ಮೊದಲು ಬಂದದ್ದಿದ್ದರೆ ಅಥವಾ ತಲೆಯೊಳಗೆ ಲೋಹದ ಕ್ಲಿಪ್, ಕಿವಿಯ ಇಂಪ್ಲಾಂಟ್ ಏನಾದರೂ ಇದ್ದರೆ ಖಂಡಿತ ಮುಚ್ಚಿಡಬೇಡಿ. ಅಮೆರಿಕದಲ್ಲಿ 2008ರಿಂದಲೇ ಇದಕ್ಕೆ ಒಪ್ಪಿಗೆ ಉಂಟು. ಹೊಸ ಪ್ರಯೋಗ ಏನಲ್ಲ.

ಪೆರ್ಲದ ಓದುಗ:
ಭಾವ ಹೇಳುವುದು ಸ್ಟ್ಯಾನ್‌ಫರ್ಡ್‌ನ 'ಸೇಂಟ್' ಪದ್ಧತಿ. ದಿನಕ್ಕೆ 10 ಸಲ, ನಡುವೆ ಬಿಡುವು, 5 ದಿನ. ಮಿದುಳಿನ ಆಳದಲ್ಲಿ ದುಃಖಕ್ಕೆ ಸಂಬಂಧಪಟ್ಟ ಒಂದು ಭಾಗ ಇದೆ, ಅದರ ಚಟುವಟಿಕೆ ಏರಿದಾಗ ತನ್ನದು ಇಳಿಯುವ ಜಾಗ ಹಣೆಯ ಹಿಂದೆ ಎಲ್ಲಿದೆ ಅಂತ ಎಫ್‌ಎಂಆರ್‌ಐಯಲ್ಲಿ (ಮೆದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಹುಡುಕುತ್ತಾರೆ, ಒಬ್ಬೊಬ್ಬರಲ್ಲೂ ಅದು ಸ್ವಲ್ಪ ಆಚೀಚೆ. 2021ರ ಪರೀಕ್ಷೆಯಲ್ಲಿ ನಿಜವಾದ ಚಿಕಿತ್ಸೆ ಸಿಕ್ಕವರಲ್ಲಿ 4 ವಾರದೊಳಗೆ ಸುಮಾರು 79% ಮಂದಿಗೆ ಖಿನ್ನತೆ ಹೆಚ್ಚುಕಡಿಮೆ ಪೂರ್ತಿ ಇಳಿಯಿತು, ಹೋಲಿಸಿ ನೋಡಲಿಕ್ಕೆ ಬರೀ ಹೆಸರಿಗೆ ಸುಳ್ಳು ಚಿಕಿತ್ಸೆ ಕೊಟ್ಟವರಲ್ಲಿ 13%. ಕೇಳಲಿಕ್ಕೆ ಭರ್ಜರಿ. ಆದರೆ ಒಟ್ಟು ಜನ ಬರೀ 29! ಮತ್ತೆ ಗುಣ ಆದದ್ದು ಸ್ಕ್ಯಾನಿನ ನಕ್ಷೆಯಿಂದಲಾ, ದಿನಕ್ಕೆ ಹತ್ತು ಸಲ ಕೊಟ್ಟದ್ದರಿಂದಲಾ, ಅದು ಆ ಪರೀಕ್ಷೆಯಲ್ಲಿ ಬಿಡಿಸಿ ಗೊತ್ತಾಗುವುದಿಲ್ಲ ಅಲ್ವಾ? ಬ್ರಿಟನ್ನಿನಲ್ಲಿ 255 ಜನರ ಮೇಲೆ ಇನ್ನೊಂದು ನಡೆಯಿತು, 2024ರಲ್ಲಿ ಬಂತು. ಎಫ್‌ಎಂಆರ್‌ಐ ನಕ್ಷೆ ನೋಡಿ ಕೊಟ್ಟವರಿಗೂ, ಮಾಮೂಲಿ ಎಂಆರ್‌ಐ ನೋಡಿ ಜಾಗ ಗುರುತು ಮಾಡಿ ಕೊಟ್ಟವರಿಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪು ಸುಧಾರಿಸಿತು, ಆರು ತಿಂಗಳವರೆಗೂ. ಹಾಗಾಗಿ ನಕ್ಷೆಗೋಸ್ಕರ ಅಕ್ಕನನ್ನು ಕಾಯಿಸುವುದು ನನಗಂತೂ ಸರಿ ಕಾಣುವುದಿಲ್ಲ. ಎಲ್ಲರಿಗೂ ಗುಣ ಆಗುತ್ತದೆ ಅಂತಲೂ ಹೇಳುತ್ತಿಲ್ಲ, ಅರ್ಧದಷ್ಟು ಜನರಿಗೆ ಒಳ್ಳೆಯ ಫಲ ಅಂತ ಇಟ್ಟುಕೊಳ್ಳಿ.

ಬದಿಯಡ್ಕದವ:
ಸರಿ, ಆದರೆ ಓಡಾಟ?

ಉಪ್ಪಳ ಸಿಸ್ಟರ್:
ಡಾಕ್ಟ್ರ ಹತ್ತಿರ 'ಥೀಟಾ ಬರ್ಸ್ಟ್' ಉಂಟಾ ಕೇಳಿ, ಮಿಡಿತಗಳನ್ನು ಗುಂಪು ಗುಂಪಾಗಿ ಬೇಗ ಬೇಗ ಕೊಡುವ ಟಿಎಂಎಸ್ ಅದು. ಹಳೆಯ ವಿಧಾನಕ್ಕೆ ಒಂದು ಸಲಕ್ಕೆ 37 ನಿಮಿಷ ಬೇಕು, ಇದಕ್ಕೆ 3. ಫಲ ಕಡಿಮೆ ಇಲ್ಲ ಅಂತ 2018ರಲ್ಲೇ ಕೆನಡಾದವರು ತೋರಿಸಿದ್ದಾರೆ. ದಿನಾ ಹೋಗುವುದು ಮಾತ್ರ ತಪ್ಪುವುದಿಲ್ಲ, ಮಂಗಳೂರಲ್ಲಿ ನೆಂಟರಿದ್ದರೆ ಒಂದು ತಿಂಗಳು ಅಲ್ಲೇ ಬಿಡಿ. ಮಾತ್ರೆ ನೀವೇ ನಿಲ್ಲಿಸಬೇಡಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಮುಂದಿನ ಅಪಾಯಿಂಟ್‌ಮೆಂಟ್ ವರೆಗೆ ಕಾಯದೆ ಆಸ್ಪತ್ರೆಗೆ ಕರಕೊಂಡು ಹೋಗಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೂ ಫೋನ್ ಮಾಡಬಹುದು.

ಪೆರ್ಲದ ಓದುಗ:
ವಿಮೆ ಇದ್ದರೆ ಕೇಳಿ ನೋಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಬೇರೆ ಕಾಯಿಲೆಗಳ ಹಾಗೆಯೇ ಇದಕ್ಕೂ ವಿಮೆ ಕೊಡಬೇಕು. ಅಡ್ಮಿಟ್ ಆಗದೆ ಮಾಡುವ ಚಿಕಿತ್ಸೆ ಅಂತ ತಕರಾರು ತೆಗೆಯಬಹುದು, ಹಾಗಾಗಿ ಶುರು ಮಾಡುವ ಮೊದಲೇ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.

ಬದಿಯಡ್ಕದವ:
ಚಿಕ್ಕಮ್ಮನ ಮನೆ ಕಂಕನಾಡಿಯಲ್ಲಿ ಉಂಟು. ಅವರಿಗೆ ಫೋನ್ ಮಾಡುತ್ತೇನೆ. ಭಾವನಿಗೆ ಆ 255 ಜನರ ವಿಷಯ ಕಳಿಸಿದ್ದೇನೆ, ಇನ್ನೂ ಉತ್ತರ ಇಲ್ಲ.