ಸಿಂಧೂ ‘ಕಣಿವೆ’ ಸರಿಯೇ? ಹರಪ್ಪ ‘ನಾಶ’ವಾಯಿತೇ?

ಎಲ್ಲರಿಗೂ ನಮಸ್ಕಾರ.

ಎರಡು ಪದಗಳು ತಲೆ ತಿನ್ನುತ್ತಿವೆ. ಅಕ್ಕನ ಮಗಳಿಗೆ ಸಮಾಜ ಪಾಠ ಹೇಳಿಕೊಡಲು ಹೋಗಿ ಸಿಕ್ಕಿಹಾಕಿಕೊಂಡೆ. ಅವರದು ಹಿರಿಯೂರು ಕಡೆ. ‘ಸಿಂಧೂ ಕಣಿವೆ ನಾಗರಿಕತೆ’ ಅಂತ ಓದಿದ್ದೇ ತಡ, “ಮಾಮ, ಅಲ್ಲಿ ಗುಡ್ಡ ಎಲ್ಲಿದೆ?” ಅಂದಳು. ಅವಳಿಗೆ ಕಣಿವೆ ಅಂದರೆ ಮಾರಿಕಣಿವೆ. ಎರಡು ಗುಡ್ಡಗಳ ಸಂದಿ, ಅದರಲ್ಲಿ ವೇದಾವತಿ, ಅದಕ್ಕೆ ಅಡ್ಡಲಾಗಿ ಕಟ್ಟೆ. ತಪ್ಪೇನೂ ಇಲ್ಲ. ಕನ್ನಡದಲ್ಲಿ ಕಣಿವೆ ಅಂದರೆ ಅದೇ ಅಲ್ವಾ?

ಹರಪ್ಪ ಇರುವುದು ಪಾಕಿಸ್ತಾನದ ಪಂಜಾಬಿನ ಬಯಲಿನಲ್ಲಿ, ರಾವಿ ನದಿಯ ಹಳೆಯ ಪಾತ್ರದ ಪಕ್ಕ. ಮೊಹೆಂಜೊದಾರೊ ಸಿಂಧ್ ಪ್ರಾಂತ್ಯದ ಮಟ್ಟಸ ನೆಲದಲ್ಲಿ. ಕಣ್ಣು ಹಾಯಿಸಿದಷ್ಟು ದೂರ ಮೆಕ್ಕಲು ಮಣ್ಣು. ಕಲ್ಲು ಸುಲಭಕ್ಕೆ ಸಿಗದ ಜಾಗ. ಅದಕ್ಕೇ ಅಲ್ಲಿನವರು ಅಷ್ಟೊಂದು ಇಟ್ಟಿಗೆ ಸುಟ್ಟದ್ದು. ದಪ್ಪ, ಅಗಲ, ಉದ್ದ 1:2:4ರ ಲೆಕ್ಕದಲ್ಲಿ, ಊರೂರಿಗೂ ಒಂದೇ ಅಳತೆ. ‘ಕಣಿವೆ’ ಅಂದ ಕೂಡಲೇ ಈ ಚಿತ್ರವೇ ಮಾಯವಾಗುತ್ತದೆ.

‘ಕೊಳ್ಳ’ ಅನ್ನಬಹುದೇನೋ. ನೀರಾವರಿಯವರು ಕೃಷ್ಣಾ ಕೊಳ್ಳ, ಕಾವೇರಿ ಕೊಳ್ಳ ಅನ್ನುತ್ತಾರೆ. ಆದರೆ ಸವದತ್ತಿ ಕಡೆಯವರು ಏಳುಕೊಳ್ಳದ ಎಲ್ಲಮ್ಮನನ್ನು ನೆನೆಸಿಕೊಂಡು ಮತ್ತೆ ಗುಡ್ಡ ಹುಡುಕುತ್ತಾರೆ! ‘ಸಿಂಧೂ ಬಯಲು’ ನನಗೆ ಇಷ್ಟ. ಆದರೆ ಲೋಥಲ್, ಧೋಲಾವೀರ ಇರುವುದು ಗುಜರಾತಿನಲ್ಲಿ, ರಾಖೀಗಢಿ ಹರಿಯಾಣದಲ್ಲಿ. ಅವು ಸಿಂಧೂ ಬಯಲಿನ ಊರುಗಳಲ್ಲ. ಹಾಗಾಗಿ 1921ರಲ್ಲಿ ದಯಾರಾಮ್ ಸಾಹ್ನಿ ಅಗೆದ ಊರಿನ ಹೆಸರು ಹಿಡಿದು ‘ಹರಪ್ಪ ನಾಗರಿಕತೆ’ ಅನ್ನುವುದೇ ವಾಸಿ. ಇದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ.

ನಿಜವಾದ ತೊಡಕು ಎರಡನೆಯದು. ಕ್ರಿ.ಪೂ. 2600ರಿಂದ 1900ರವರೆಗೆ ಈ ನಗರಗಳು ಚೆನ್ನಾಗಿ ನಡೆದವು. ಆಮೇಲೆ ಆದದ್ದಕ್ಕೆ ಏನನ್ನಬೇಕು? ಪಾಠದಲ್ಲಿ ಒಂದು ಕಡೆ ‘ಅವನತಿ’, ಇನ್ನೊಂದು ಕಡೆ ‘ನಾಶ’. ನಾಶ ಅಂದರೆ ಯಾರೋ ಮಾಡಿರಬೇಕು. ಹುಡುಗಿ ಅದನ್ನೇ ಕೇಳಿದಳು, “ಯಾರು ಮಾಡಿದ್ದು?”

ಒಂದು ಕಾಲಕ್ಕೆ ಇದಕ್ಕೆ ಉತ್ತರವೂ ಇತ್ತು. 1946ರಲ್ಲಿ ಹರಪ್ಪದ ಕೋಟೆಗೋಡೆ ಅಗೆಸಿದ ಮಾರ್ಟಿಮರ್ ವ್ಹೀಲರ್, ಇಂದ್ರನೇ ಆರೋಪಿ, ಅಂದರೆ ಅವನನ್ನು ಪೂಜಿಸುತ್ತಿದ್ದ ಆರ್ಯರು ದಾಳಿ ಮಾಡಿ ಈ ನಗರಗಳನ್ನು ಕೆಡವಿದರು, ಅಂದುಬಿಟ್ಟರು. ಋಗ್ವೇದದಲ್ಲಿ ಇಂದ್ರ ‘ಪುರಂದರ’, ಪುರಗಳನ್ನು ಒಡೆದವನು. (ದಾಸರ ಅಂಕಿತ ಹಾಡುವಾಗ ಈ ಅರ್ಥ ಯಾರಿಗೆ ನೆನಪಿರುತ್ತದೆ ಹೇಳಿ.) ಮೊಹೆಂಜೊದಾರೊದಲ್ಲಿ ಸಿಕ್ಕ ಅಸ್ಥಿಪಂಜರಗಳೇ ಸಾಕ್ಷಿ. 1964ರಲ್ಲಿ ಪುರಾತತ್ವಜ್ಞ ಜಾರ್ಜ್ ಡೇಲ್ಸ್ ಆ ಸಾಕ್ಷಿಯನ್ನು ಮತ್ತೆ ನೋಡಿದರು. ಆ ಅಸ್ಥಿಪಂಜರಗಳು ಎಲ್ಲವೂ ಒಂದೇ ಕಾಲದವಲ್ಲ. ದಾಳಿ ನಡೆದಿದ್ದರೆ ಉಳಿಯಬೇಕಾದ ಆಯುಧಗಳಾಗಲಿ ಸುಟ್ಟ ಗುರುತಾಗಲಿ ಇಲ್ಲ. ಕೇಸು ಬಿದ್ದುಹೋಯಿತು. ಪದ ಮಾತ್ರ ಉಳಿದುಕೊಂಡಿತು.

ಆದದ್ದು ನಿಧಾನದ ಕೆಲಸ. ಮುಂಗಾರು ಸೊರಗಿತು. ಘಗ್ಗರ್-ಹಾಕ್ರಾ ನದಿಯ ದಡದ ಎಷ್ಟೋ ಊರುಗಳು ಖಾಲಿಯಾದವು. ಮೆಸೊಪೊಟೇಮಿಯದ ಜೊತೆಗಿನ ವ್ಯಾಪಾರ ನಿಂತಿತು. ಮುದ್ರೆ ಒತ್ತುವುದು, ಆ ಲಿಪಿ ಬರೆಯುವುದು, ಎಲ್ಲ ಕಡೆ ಒಂದೇ ತೂಕದ ಕಲ್ಲು ಬಳಸುವುದು, ಎಲ್ಲ ಬಿಟ್ಟುಹೋಯಿತು. ಆದರೆ ಅದೇ ಹೊತ್ತಿಗೆ ಮೂಡಲಲ್ಲಿ, ಹರಿಯಾಣ ಮತ್ತು ಪಶ್ಚಿಮ ಉತ್ತರ ಪ್ರದೇಶದ ಕಡೆ, ಸಣ್ಣ ಸಣ್ಣ ಹಳ್ಳಿಗಳು ಜಾಸ್ತಿಯಾದವು. ಜನ ಎದ್ದು ಹೋಗಿ ಬೇರೆ ಕಡೆ ಬೇಸಾಯ ಹೂಡಿದರು. ಇದಕ್ಕೆ ನಾಶ ಅನ್ನುವುದು ಹೇಗೆ? ‘ಅವನತಿ’ಯೂ ಮೇಲಿಂದ ಕೆಳಗೆ ಬಿದ್ದವರ ಮಾತು. ‘ಏಳುಬೀಳು’ ಅಂದರೆ ದಿನನಿತ್ಯದ ಕಷ್ಟಸುಖ ಆಗುತ್ತದೆ.

ನಮ್ಮಲ್ಲಿ ಇದಕ್ಕೆ ಪದಗಳಿಲ್ಲದೆ ಇಲ್ಲ. ಊರು ಪಾಳು ಬಿತ್ತು ಅನ್ನುತ್ತೇವೆ. ಊರಾಚೆಯ ಹಳೇ ದಿಬ್ಬಕ್ಕೆ ಹಾಳೂರು ಅನ್ನುತ್ತೇವೆ. (ಸಿಂಧಿಯಲ್ಲಿ ಮೊಹೆಂಜೊದಾರೊ ಅಂದರೆ ‘ಸತ್ತವರ ದಿಬ್ಬ’ ಅನ್ನುತ್ತಾರೆ, ಅಲ್ಲಿನವರಿಗೂ ಅದೊಂದು ಹಾಳೂರೇ.) ಉತ್ತರ ಕರ್ನಾಟಕದವರ ‘ಗುಳೆ’ ಇದೆ. ಆದರೆ ಈಗ ಗುಳೆ ಹೋದವರು ಮಳೆ ಬಂದರೆ ವಾಪಸ್ ಬರುತ್ತಾರೆ. ಹರಪ್ಪದವರು ಬರಲಿಲ್ಲ.

ನನಗೆ ಹಿಡಿಸಿದ್ದು ಕಂದಾಯದವರ ಪದ, ‘ಬೇಚರಾಕ್’. ಜನವಸತಿ ಇಲ್ಲದ, ಆದರೆ ದಾಖಲೆಯಲ್ಲಿ ಹೆಸರೂ ಎಲ್ಲೆಯೂ ಉಳಿದಿರುವ ಗ್ರಾಮ. ಪಾರಸಿಯ ‘ಬೇ ಚಿರಾಗ್’, ಅಂದರೆ ದೀಪ ಇಲ್ಲದ್ದು. ನಮ್ಮಜ್ಜನ ಹೊಲ ಇದ್ದದ್ದೂ ಒಂದು ಬೇಚರಾಕ್ ಗ್ರಾಮದಲ್ಲೇ. ಪಕ್ಕದ ಊರಿಂದ ಹೋಗಿ ಉತ್ತು ಬರುತ್ತಿದ್ದರು. ಆ ಊರನ್ನು ಯಾರೋ ನಾಶ ಮಾಡಿದರು ಅಂತ ಅವರು ಯಾವತ್ತೂ ಹೇಳಿದ್ದಿಲ್ಲ. “ಜನ ಬಿಟ್ಟುಹೋದರು” ಅಂತಿದ್ದರು, ಅಷ್ಟೇ.

ಹುಡುಗಿಯ ನೋಟ್ಸಿನಲ್ಲಿ ಸದ್ಯಕ್ಕೆ ಹೀಗೆ ಬರೆಸಿದ್ದೇನೆ: “ನಗರಗಳು ಒಂದೊಂದಾಗಿ ಪಾಳು ಬಿದ್ದವು, ಜನ ಮೂಡಲಿಗೆ ಸರಿದು ಹಳ್ಳಿ ಕಟ್ಟಿಕೊಂಡರು.” ಪರೀಕ್ಷೆಯಲ್ಲಿ ‘ಅವನತಿ’ ಅಂತಲೇ ಬರೆಯಬೇಕಂತೆ, ಇಲ್ಲದಿದ್ದರೆ ಮಾರ್ಕ್ಸು ಹೋಗುತ್ತದಂತೆ. ಅದಿರಲಿ. ‘ಬೇಚರಾಕ್ ಆಯಿತು’ ಅಂತ ಮಾತಿನಲ್ಲಿ ಬಳಸುವುದನ್ನು ಯಾರಾದರೂ ಕೇಳಿದ್ದೀರಾ, ಅಥವಾ ಅದು ಬರೀ ಪಹಣಿಯ ಪದವೇ? ಮಲೆನಾಡು, ಕರಾವಳಿ ಕಡೆ ಜನ ಬಿಟ್ಟುಹೋದ ಊರಿಗೆ ಏನನ್ನುತ್ತಾರೆ?